371(ಜೆ) ಸೀಟಿನೊಳಗೂ ಒಂದು ಒಳಮೀಸಲಾತಿ ಕೊಡಿ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಮತ್ತು ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಸಂವಿಧಾನದ 371(ಜೆ) ಕಲಂ ಅಡಿ ಕಲ್ಯಾಣ ಕರ್ನಾಟಕದ (ಹಳೆಯ ಹೆಸರು ಹೈದರಾಬಾದ್ ಕರ್ನಾಟಕ) ಮಕ್ಕಳಿಗೆ ಎತ್ತಿಟ್ಟಿರುವ ಕಾಲೇಜು ಸೀಟುಗಳಲ್ಲಿ ಒಂದು ಪಾಲನ್ನು, ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಅತಿ ಹಿಂದುಳಿದ ತಾಲ್ಲೂಕುಗಳ ಮಕ್ಕಳಿಗೆ ಕೊಡಿ. ಪರಿಶಿಷ್ಟ ಜಾತಿಗಳಿಗೆ ಒಳಮೀಸಲಾತಿ ಮಾಡಿದ ಹಾಗೆ ಇದಕ್ಕೂ ಒಂದು ಒಳಮೀಸಲಾತಿ ಮಾಡಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದಕ್ಕೆ ಬರೆಯಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಪ್ರೊಫೆಸರ್ ಅಲ್ಲ, ಹೋರಾಟಗಾರನೂ ಅಲ್ಲ. ಕಲಬುರಗಿಯಲ್ಲಿ ಒಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಉಳಿದ ದಿನಗಳಲ್ಲಿ ಪಹಣಿ, ಪಾನ್ ಕಾರ್ಡ್, ಬೆಳೆ ವಿಮೆ ಅರ್ಜಿ. ಸಿಇಟಿ, ನೀಟ್ ಸೀಸನ್ ಬಂತೆಂದರೆ ಬಾಗಿಲಲ್ಲಿ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ಅರ್ಜಿ ತುಂಬಬೇಕು. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿ ವಿವರ ಸರಿಯಾಗಿ ಬಂತಾ ನೋಡಬೇಕು. ಆಮೇಲೆ ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್, ಚಾಯ್ಸ್ ಒಂದಾ ಎರಡಾ ಮೂರಾ ಎಂಬ ಪಂಚಾಯ್ತಿ. ಯಾರಿಗೆ ಎಲ್ಲಿ ಸೀಟ್ ಸಿಕ್ಕಿತು, ಯಾರು ಬರಿಗೈಯಲ್ಲಿ ಎದ್ದು ಹೋದರು ಅನ್ನೋದು ನನ್ನ ಸ್ಕ್ರೀನ್ ಮೇಲೇ ಗೊತ್ತಾಗುತ್ತೆ. ಸುಮ್ನೆ ಕೂತು ಬರೆದ ಪತ್ರ ಅಲ್ಲ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರು 371(ಜೆ) ಮೇಲೆ ಅಲ್ಲ. ಬೆಂಗಳೂರು ಕಡೆ ಕೆಲವರು "ಇವರಿಗ್ಯಾಕೆ ಊರಿನ ಹೆಸರಲ್ಲಿ ಸೀಟು, ಮೆರಿಟ್ ಹಾಳು" ಅಂತಾರೆ. ಅವರು ಒಂದು ಲೆಕ್ಕ ನೋಡಬೇಕು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಬೇಕು ಅಂತ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಮಾಡಿದ್ದು 1918ರಲ್ಲಿ. ಅದೇ 1918ರಲ್ಲಿ ನಮ್ಮನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದರು. ದೊಡ್ಡ ಕೆಲಸವೇ. ಆದರೆ ಅಲ್ಲಿ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಸೇಡಂ, ಸುರಪುರದ ಹುಡುಗನಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಗುಲಬರ್ಗಾ ವಿಶ್ವವಿದ್ಯಾಲಯ ಆಗಿದ್ದು 1980ರಲ್ಲಿ. ಮೈಸೂರಿಗೂ ನಮಗೂ 64 ವರ್ಷದ ಅಂತರ! ಅಜ್ಜನೇ ಬಿಎ ಮಾಡಿದ ಮನೆಯ ಮೊಮ್ಮಗ ಅಲ್ಲಿ ಸಿಇಟಿ ಬರೆಯುವಾಗ, ಇಲ್ಲಿ ಮನೆಗೇ ಮೊದಲು ಹತ್ತನೇ ಕ್ಲಾಸ್ ದಾಟಿದವನು ಅದೇ ಪೇಪರ್ ಬರೆಯುತ್ತಾನೆ. ಮೆರಿಟ್ ಬಗ್ಗೆ ಮಾತಾಡುವವರು ಇದನ್ನೂ ಸೇರಿಸಿ ಮಾತಾಡಲಿ.

ಅದಕ್ಕೇ ಹೋರಾಟ ಆಯಿತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂತರು. ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆ ದೆಹಲಿಯಲ್ಲಿ ಪಟ್ಟು ಹಿಡಿದರು. ಪಕ್ಕದ ಆಂಧ್ರಕ್ಕೆ ಇಂಥದ್ದೇ 371(ಡಿ) ಕಲಂ 1973ರಲ್ಲೇ ಸಿಕ್ಕಿತ್ತು. ನಮ್ಮ 371(ಜೆ)ಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರಿನಲ್ಲಿ, ಸಂವಿಧಾನದ 98ನೇ ತಿದ್ದುಪಡಿಯಾಗಿ. 2013ರ ಆದೇಶದ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿಯವರಿಗೆ. ರಾಜ್ಯದ ಉಳಿದ ಕಡೆ ಶೇ. 8. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಮಾತು ಬೇರೆ. ಅದು ದೆಹಲಿಯ ಲೆಕ್ಕ, ನಿಮ್ಮ ಕೈಯಲ್ಲಿಲ್ಲ, ಬಿಡಿ.

371(ಜೆ)ಯಿಂದ ಲಾಭ ಆಗಿದೆ. ಖಂಡಿತ ಆಗಿದೆ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಈಚೆಗೆ ಶುರುವಾದ ಯಾದಗಿರಿಯ ಯಿಮ್ಸ್ ಮೆಡಿಕಲ್ ಕಾಲೇಜುಗಳಲ್ಲಿ ನಮ್ಮ ಕಡೆ ಮಾತಾಡುವ ಹುಡುಗ ಹುಡುಗಿಯರು ಏಪ್ರನ್ ಹಾಕಿಕೊಂಡು ಓಡಾಡುವುದನ್ನು ನೋಡಿದರೆ ಖುಷಿಯಾಗುತ್ತೆ. ನನ್ನ ಪ್ರಶ್ನೆ ಬೇರೆ. ನಮ್ಮ ಕಡೆಯವರಲ್ಲಿ ಯಾರು?

ಒಂದು ದಿನ ನನ್ನ ಸೆಂಟರಿನ ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಇಬ್ಬರು ಮಕ್ಕಳು ಕೂತಿದ್ದರು. ಹೆಸರು ಬೇಡ. ಮೊದಲನೆಯವನು ಕಲಬುರಗಿ ಸಿಟಿಯವನು. ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಪಿಯುಸಿ ಇಲ್ಲೇ ಮುಗಿಸಿ, ಒಂದು ವರ್ಷ ಹೈದರಾಬಾದಿನಲ್ಲಿ ನೀಟ್‌ಗೆ ಲಾಂಗ್ ಟರ್ಮ್ ಕೋಚಿಂಗ್. ಬುದ್ಧಿವಂತ ಹುಡುಗ, ಕಷ್ಟಪಟ್ಟು ಓದಿದ್ದಾನೆ, ಎರಡು ಮಾತಿಲ್ಲ. ಎರಡನೆಯವಳು ಜೇವರ್ಗಿ ತಾಲ್ಲೂಕಿನ ಹಳ್ಳಿಯವಳು. ಒಂದರಿಂದ ಹತ್ತು ಸರ್ಕಾರಿ ಕನ್ನಡ ಶಾಲೆ. ಪಿಯುಸಿ ಸೈನ್ಸ್ ಸರ್ಕಾರಿ ಕಾಲೇಜಿನಲ್ಲಿ. ಫಿಸಿಕ್ಸ್‌ಗೆ ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಅರ್ಧ ವರ್ಷ ಮುಗಿದಿತ್ತಂತೆ. ಜೊತೆಗೆ ಬಂದಿದ್ದ ಅಪ್ಪ ತೊಗರಿ ಬೆಳೆಯುವವರು. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು, ಸ್ಟಡಿ ಸರ್ಟಿಫಿಕೇಟು, ಜಾತಿ-ಆದಾಯ ಪತ್ರ, ಎಲ್ಲಕ್ಕೂ ಎರಡೆರಡು ಜೆರಾಕ್ಸ್. ಸಹಾಯಕ ಆಯುಕ್ತರ (ಎಸಿ) ಸಹಿಯಿದ್ದ 371(ಜೆ) ಸರ್ಟಿಫಿಕೇಟನ್ನು ಮಾತ್ರ ಬೇರೆ ಕವರಿನಲ್ಲಿ ಮಡಚದೆ ಇಟ್ಟಿದ್ದರು. ಅದನ್ನು ಮುಂದೆ ಮಾಡಿ, "ಸರ, ಇದು ಇದ್ರ ಡಾಕ್ಟರ್ ಸೀಟ್ ಆಗ್ತದಂತಲ್ರಿ?" ಅಂದರು. ಹಿಂದಿನ ವರ್ಷದ ಕಟ್‌ಆಫ್ ತೆಗೆದೆ. ನಾನು ಬಾಯಿ ಬಿಡುವ ಮೊದಲೇ ಮಗಳು ಸ್ಕ್ರೀನ್ ನೋಡಿ, "ಇಲ್ಲಪ್ಪ, ಅಲ್ಲಿತನ ನಂದು ಮುಟ್ಟಂಗಿಲ್ಲ" ಅಂದಳು. ಆಮೇಲೆ ಬಿಎಸ್ಸಿ ಅಗ್ರಿ, ಬಿಎಸ್ಸಿ ನರ್ಸಿಂಗ್ ಆಪ್ಷನ್‌ಗಳ ಲೆಕ್ಕ ಶುರುವಾಯಿತು.

371(ಜೆ) ಮೀಸಲಾತಿ ಬೇಕಾ ಅಂತ ಅರ್ಜಿಯಲ್ಲಿ ಕೇಳುವ ಕಡೆ ಇಬ್ಬರೂ "ಹೌದು" ಅಂತಲೇ ಒತ್ತಿದ್ದಾರೆ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರಿಗೆ ಇಬ್ಬರೂ ಕಲ್ಯಾಣ ಕರ್ನಾಟಕದವರು, ಇಬ್ಬರೂ ಹಿಂದುಳಿದ ಭಾಗದವರು. ಜಾತಿ ಕೆಟಗರಿ ಒಂದೇ ಆಗಿದ್ದರೆ ಸೀಟು ಹೋಗುವುದು ರ‍್ಯಾಂಕ್ ಇದ್ದವನಿಗೆ. ಇಲ್ಲಿ ಡಾಕ್ಟರ ಮಗ ಮೋಸ ಮಾಡಿಲ್ಲ. ನಿಯಮ ಏನು ಹೇಳುತ್ತೋ ಅದನ್ನೇ ಮಾಡಿದ್ದಾನೆ. ತಪ್ಪು ನಿಯಮದ್ದು.

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಪ್ಲಾಟ್‌ಫಾರ್ಮಿಗೆ ಬಂದ ಕೂಡಲೇ ಕಿಟಕಿಯೊಳಗೆ ಟವೆಲ್ ಬೀಳುತ್ತೆ. ಹೊರಡೋದಕ್ಕೆ ಮುಂಚೆಯೇ ಸೀಟೆಲ್ಲ ಖಲಾಸ್. ಹಾದಿಯಲ್ಲಿ ಕೈ ಮಾಡಿದವರಿಗೆ ಬಸ್ಸೇನೋ ನಿಲ್ಲುತ್ತೆ, ಕೂರೋಕೆ ಜಾಗ ಇರಲ್ಲ. 371(ಜೆ) ಸೀಟುಗಳದೂ ಹೆಚ್ಚುಕಡಿಮೆ ಇದೇ ಕಥೆ. ಹೋರಾಟ ಹಳ್ಳಿಯ ಹೆಸರಲ್ಲಿ ಆಯಿತು. ಟವೆಲ್ ಹಾಕಿದವರು ಸ್ಟ್ಯಾಂಡಿನಲ್ಲಿ ಇದ್ದವರು.

ಕಲ್ಯಾಣ ಕರ್ನಾಟಕ ಅಂದರೆ ಎಲ್ಲಾ ಒಂದೇ ಸಮ ಅಲ್ಲ. ಇದನ್ನು ಹೇಳಿದವನು ನಾನಲ್ಲ, ನಿಮ್ಮ ಸರ್ಕಾರದ ಕಾಗದಗಳೇ ಹೇಳುತ್ತವೆ. 2011ರ ಜನಗಣತಿ ತೆಗೆಯಿರಿ. ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70 ದಾಟಿದೆ. ಕಲಬುರಗಿ ಶೇ. 65ರ ಹತ್ತಿರ. ಯಾದಗಿರಿ ಬರೀ ಶೇ. 52, ರಾಜ್ಯದಲ್ಲೇ ಕೊನೆ. ಪ್ರಾದೇಶಿಕ ಅಸಮತೋಲನ ಅಳೆದ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಇನ್ನೂ ಕೆಳಗಿಳಿದು ತಾಲ್ಲೂಕು ಮಟ್ಟಕ್ಕೇ ಹೋಯಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಔರಾದ, ಚಿಂಚೋಳಿ, ಜೇವರ್ಗಿ, ಶಹಾಪುರ, ಸುರಪುರ, ದೇವದುರ್ಗ ಎಲ್ಲ ಆ ಪಟ್ಟಿಯಲ್ಲಿವೆ. 371(ಜೆ) ಬೇಕು ಅಂತ ಕೇಳುವಾಗ ನಾವು ಎಲ್ಲ ಕಡೆ ಮುಂದಿಟ್ಟಿದ್ದು ಇದೇ ವರದಿಯನ್ನ. ಸೀಟು ಹಂಚುವಾಗ ಮಾತ್ರ ಯಾರಿಗೂ ಅದು ನೆನಪಾಗಲಿಲ್ಲ. ಇದೇ ಅಸಮತೋಲನವನ್ನು ಮತ್ತೆ ಅಳೆಯೋಕೆ 2024ರಲ್ಲಿ ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿದಿರಿ. ಆ ಸಮಿತಿಯ ಹೊಸ ಪಟ್ಟಿಯನ್ನೇ ಹಿಡಿದರೂ ಅಭ್ಯಂತರ ಇಲ್ಲ.

"ಗ್ರಾಮೀಣ ಕೋಟಾ ಇದೆಯಲ್ಲಾ, ಕನ್ನಡ ಮಾಧ್ಯಮದ ಕೋಟಾ ಇದೆಯಲ್ಲಾ" ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಕೆಇಎ ಮೆಡಿಕಲ್ ಕಟ್‌ಆಫ್ ಪಟ್ಟಿಯಲ್ಲಿ ಜಿಎಂಎಚ್, ಜಿಎಂಆರ್‌ಎಚ್, ಜಿಎಂಕೆಎಚ್ ಅಂತ ಕಾಲಂಗಳೇ ಇರುತ್ತವೆ. ಜಿಎಂ ಅಂದರೆ ಸಾಮಾನ್ಯ ವರ್ಗ. ಕೊನೆಯ ಎಚ್ ಅಂದರೆ ನಮ್ಮ ಭಾಗ, ಹಳೆಯ ಹೈದರಾಬಾದ್ ಕರ್ನಾಟಕ. ನಡುವಿನ ಆರ್ ಗ್ರಾಮೀಣ, ಕೆ ಕನ್ನಡ. ಅಂದರೆ 371(ಜೆ) ಒಳಗೆ ಇನ್ನೊಂದು ಪಾಲು ಮಾಡೋದು ನಿಮ್ಮ ಸಾಫ್ಟ್‌ವೇರಿಗೆ ಹೊಸದೇನಲ್ಲ, ಈಗಾಗಲೇ ಮಾಡ್ತಾ ಇದೆ. ಇನ್ನೊಂದು ಕಾಲಂ ಸೇರಿಸಿದರೆ ಆಕಾಶ ಕಳಚಿ ಬೀಳಲ್ಲ, ಅಲ್ವಾ?

ಆದರೆ ಈ ಗ್ರಾಮೀಣ ಕೋಟಾದ ಎರಡು ತೊಂದರೆ ಹೇಳಲೇಬೇಕು. ಸಿಟಿಯ ಹೊರಗೆ, ಗ್ರಾಮ ಪಂಚಾಯ್ತಿ ಹದ್ದಿನಲ್ಲಿ ದೊಡ್ಡ ಫೀಸಿನ ಪ್ರೈವೇಟ್ ಸ್ಕೂಲ್‌ಗಳು ಎದ್ದಿವೆ. ಅಲ್ಲಿಗೆ ಹಳದಿ ಬಸ್ಸಿನಲ್ಲಿ ಹೋಗಿ ಬರುವ ಸಿಟಿ ಮಗುವೂ ಕಾಗದದಲ್ಲಿ ಗ್ರಾಮೀಣವೇ. ಇದು ಒಂದು. ಇನ್ನೊಂದು ಹೆಚ್ಚು ಹೊಟ್ಟೆ ಉರಿಸುವಂಥದ್ದು. ಗ್ರಾಮೀಣ ಸರ್ಟಿಫಿಕೇಟಿಗೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಮ್ಮಲ್ಲಿ ಗುಳೆ ಹೋಗುವವರ ಸಂಖ್ಯೆ ನಿಮಗೆ ಗೊತ್ತಿಲ್ಲದ್ದಲ್ಲ. ಸುರಪುರ, ಶಹಾಪುರ, ಗುರುಮಠಕಲ್ ಕಡೆಯವರು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್ ಬಸ್ ಹತ್ತುತ್ತಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟರೆ ಒಂದು ಕಷ್ಟ, ಕರೆದುಕೊಂಡು ಹೋದರೆ ಇನ್ನೊಂದು. ಕರೆದುಕೊಂಡು ಹೋದ ಮಗು ಮೂರನೇ ಕ್ಲಾಸ್ ಬೆಂಗಳೂರಿನ ಯಾವುದೋ ಸರ್ಕಾರಿ ಶಾಲೆಯಲ್ಲಿ ಓದಿ ವಾಪಸ್ ಬಂದಿರುತ್ತೆ. ಅಪ್ಪ ಅಮ್ಮ ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ಶೆಡ್ಡಿನಲ್ಲಿ ಇದ್ದ ಮಗು ಅದು. ಆ ಒಂದು ವರ್ಷಕ್ಕೆ ಅದು "ನಗರದ ವಿದ್ಯಾರ್ಥಿ" ಆಗಿಬಿಡುತ್ತೆ, ಗ್ರಾಮೀಣ ಕೋಟಾ ಹೋಯಿತು. ಸ್ಟಡಿ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು "ಒಂದೇ ವರ್ಷ ಅಲ್ರಿ" ಅಂತ ಕೇಳುವವರಿಗೆ ಏನು ಉತ್ತರ ಕೊಡಲಿ? ಹಳದಿ ಬಸ್ಸಿನ ಮಗು ಗ್ರಾಮೀಣ, ಗುಳೆ ಹೋದ ಮಗು ನಗರ! ಯಾವ ನ್ಯಾಯ ಸ್ವಾಮಿ ಇದು?

ಅದಕ್ಕೇ ನಾನು ಊರಿಗಿಂತ ಶಾಲೆ ಹಿಡಿಯಿರಿ ಅಂತೀನಿ. ಸರ್ಕಾರಿ ಶಾಲೆ ಅಂದರೆ ಸರ್ಕಾರಿ ಶಾಲೆ. ಹಳ್ಳಿಯದ್ದಾದರೂ ಸರಿ, ಕಲಬುರಗಿ ಸ್ಲಂ ಪಕ್ಕದ್ದಾದರೂ ಸರಿ, ಬೆಂಗಳೂರಿನ ಶೆಡ್ ಪಕ್ಕದ್ದಾದರೂ ಸರಿ. ದುಡ್ಡಿದ್ದವರು ಮಕ್ಕಳನ್ನು ಅಲ್ಲಿಗೆ ಕಳಿಸಲ್ಲ. ಕಳಿಸುವ ದಿನ ಬಂದರೆ ಇನ್ನೂ ಒಳ್ಳೇದು, ಶಾಲೆಗಳಾದರೂ ಸುಧಾರಿಸುತ್ತವೆ. ಹಿಂದುಳಿದ ತಾಲ್ಲೂಕು ಎರಡನೇ ಷರತ್ತಾಗಲಿ, ಅಂಥ ಮಕ್ಕಳಿಗೆ ಮೊದಲ ಆದ್ಯತೆ ಇರಲಿ. ಎರಡರಲ್ಲಿ ಒಂದೇ ಕೊಡೋಕಾಗೋದು ಅಂದರೆ ಶಾಲೆಯನ್ನೇ ಇಟ್ಟುಕೊಳ್ಳಿ. ಔರಾದಿನ ಸಾಹುಕಾರನ ಮಗನೂ ಕಾಗದದಲ್ಲಿ ಔರಾದಿನವನೇ.

ಇದು ಆಗದ ಮಾತಲ್ಲ. ತಮಿಳುನಾಡು 2020ರಲ್ಲಿ ಮಾಡಿ ತೋರಿಸಿದೆ. ಆರರಿಂದ ಹನ್ನೆರಡನೇ ಕ್ಲಾಸ್‌ವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಮೆಡಿಕಲ್ ಸೀಟುಗಳಲ್ಲಿ ಶೇ. 7.5 ಒಳಮೀಸಲಾತಿ ಕೊಟ್ಟಿತು. ಮೊದಲ ವರ್ಷವೇ 300ಕ್ಕಿಂತ ಹೆಚ್ಚು ಸರ್ಕಾರಿ ಶಾಲೆ ಮಕ್ಕಳು ಎಂಬಿಬಿಎಸ್ ಸೇರಿದರು. ಮರುವರ್ಷ ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಕಾನೂನು ಕೋರ್ಸುಗಳಿಗೂ ಹಬ್ಬಿಸಿದರು. ಕೋರ್ಟಿಗೆ ಹೋದವರಿದ್ದರು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಇದು ಸರಿ ಅಂತ ಎತ್ತಿಹಿಡಿಯಿತು. ದೆಹಲಿಯ ಜೆಎನ್‌ಯು ಕೂಡ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿತ್ತು.

ನಮ್ಮಲ್ಲಿ ಎಷ್ಟು ಸೀಟಿನ ಮಾತು ಇದು? 150 ಸೀಟಿನ ಒಂದು ಸರ್ಕಾರಿ ಮೆಡಿಕಲ್ ಕಾಲೇಜು ತೆಗೆದುಕೊಳ್ಳಿ. ಶೇ. 15 ಅಖಿಲ ಭಾರತ ಕೋಟಾಕ್ಕೆ ಹೋದರೆ ರಾಜ್ಯಕ್ಕೆ ಉಳಿಯುವುದು 127ರ ಆಸುಪಾಸು. ಅದರಲ್ಲಿ ಶೇ. 70 ಅಂದರೆ ಸುಮಾರು 89 ಸೀಟು ನಮ್ಮ ಭಾಗಕ್ಕೆ. ಈ 89ರಲ್ಲಿ ಹತ್ತರಲ್ಲೊಂದು ಪಾಲು ಕೇಳಿದರೆ ಒಂಬತ್ತು ಸೀಟು. ಒಂದು ಕಾಲೇಜಿನಲ್ಲಿ ಒಂಬತ್ತೇ ಒಂಬತ್ತು! ಇದಕ್ಕೆ ಯಾರ ಮೆರಿಟ್ ಮುಳುಗಿಹೋಗುತ್ತೆ? ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗಗಳ ಪಾಲಿಗೂ ಇದರಿಂದ ಧಕ್ಕೆ ಇಲ್ಲ. ಗ್ರಾಮೀಣ ಕೋಟಾದ ಹಾಗೆ ಎಲ್ಲಾ ಕೆಟಗರಿಗಳ ಒಳಗೇ ಇದು ಹಾದು ಹೋಗುತ್ತೆ.

ಮೆರಿಟ್ ಅಂದಾಗ ಇನ್ನೊಂದು ಅಂಕಿ ನೆನಪಾಗುತ್ತೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು ಬಂತು. ಶೇ. 42.43 ಪಡೆದು ಕೊನೆಗೆ ನಿಂತಿದ್ದು ನಮ್ಮ ಕಲಬುರಗಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೊದಲ ಸಲಕ್ಕೆ ಪಾಸೇ ಆಗದ ಜಿಲ್ಲೆಯಲ್ಲಿ, ಸರ್ಕಾರಿ ಶಾಲೆಯಿಂದ ಎದ್ದು ಬಂದು, ಸೈನ್ಸ್ ತಗೊಂಡು, ಟೀಚರ್ ಇಲ್ಲದೆ ಓದಿ ನೀಟ್ ಬರೆದವಳ ರ‍್ಯಾಂಕನ್ನು ಲಾಂಗ್ ಟರ್ಮ್ ಮಾಡಿದವನ ರ‍್ಯಾಂಕಿನ ಪಕ್ಕದಲ್ಲಿಟ್ಟು ಅಳೆಯುತ್ತೀರಿ. ನನ್ನನ್ನು ಕೇಳಿದರೆ ಅವಳದೇ ದೊಡ್ಡ ರ‍್ಯಾಂಕು.

ಇನ್ನು ನಮ್ಮವರದೇ ಒಂದು ಅಳುಕಿದೆ. ಇದು ಬೆಂಗಳೂರಿನವರ ಮಾತಿಗಿಂತ ಮುಖ್ಯ. "ಇಷ್ಟು ವರ್ಷ ಒಗ್ಗಟ್ಟಾಗಿ ಹೋರಾಡಿ ಪಡೆದಿದ್ದೇವೆ. ಈಗ ನಾವೇ ಒಳಗೆ ಗೆರೆ ಎಳೆದರೆ, ಕೊಟ್ಟದ್ದನ್ನೂ ಕಿತ್ತುಕೊಳ್ಳೋಕೆ ದಾರಿ ಆಗುತ್ತೆ" ಅಂತ ಹಿರಿಯರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಇದೇ ಮಾತನ್ನು ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಹೋರಾಟಕ್ಕೂ ಹೇಳಿದ್ದರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳ ಪೀಠ ಒಳವರ್ಗೀಕರಣ ಮಾಡಬಹುದು ಅಂತ ತೀರ್ಪು ಕೊಟ್ಟಿತು. ನಾಗಮೋಹನದಾಸ್ ಆಯೋಗದ ವರದಿ ಬಂದ ಮೇಲೆ 2025ರಲ್ಲಿ ನಿಮ್ಮ ಸಂಪುಟವೇ ಪರಿಶಿಷ್ಟ ಜಾತಿಗಳ ಶೇ. 17 ಮೀಸಲಾತಿಯನ್ನು ಪಾಲು ಮಾಡಿತು. ಆ ಕಾನೂನು ಬೇರೆ, ಇದು ಬೇರೆ, ಒಪ್ಪುತ್ತೇನೆ. ಆದರೂ ಒಂದೇ ಗುಂಪಿನೊಳಗೆ ತೀರಾ ಹಿಂದೆ ಉಳಿದವರನ್ನು ಬೇರೆಯಾಗಿ ನೋಡಬೇಕು ಅನ್ನುವ ನ್ಯಾಯ ಎರಡಕ್ಕೂ ಒಂದೇ ಅಲ್ವಾ? ಅದಲ್ಲದೆ, ಸೀಟುಗಳು ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗುತ್ತಿದ್ದರೆ 371(ಜೆ)ಗೆ ನಾಳೆ ದನಿ ಎತ್ತೋರು ಯಾರು? ದೇವದುರ್ಗದ ರೈತ ತನ್ನ ಮಗಳಿಗೆ ಸಿಗದ ಸೀಟಿಗಾಗಿ ಯಾಕೆ ಬೀದಿಗೆ ಬರ್ತಾನೆ?

ಸೀಟು ಕೊಟ್ಟು ಕೈ ತೊಳೆದುಕೊಳ್ಳಬೇಡಿ ಅಂತಲೂ ಹೇಳಬೇಕು. ಕನ್ನಡದಲ್ಲಿ ಓದಿದ ಮಗು ಮೊದಲ ವರ್ಷದ ಅನಾಟಮಿ ಪುಸ್ತಕ ತೆರೆದಾಗ ಏನಾಗುತ್ತೆ ಅಂತ ಯಾವ ಲೆಕ್ಚರರ್‌ನ ಕೇಳಿದರೂ ಹೇಳುತ್ತಾರೆ. ಅಂಥವರಿಗೆ ಮೊದಲ ವರ್ಷ ಸಂಜೆ ಹೊತ್ತು ಇಂಗ್ಲಿಷ್ ಮತ್ತು ಸಬ್ಜೆಕ್ಟ್ ಕ್ಲಾಸ್ ಬೇಕು, ಹಾಸ್ಟೆಲ್ ಬೇಕು. ದುಡ್ಡಿಲ್ಲ ಅನ್ನೋ ಹಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5000 ಕೋಟಿ ಘೋಷಿಸಿದಿರಿ. ಅದರಲ್ಲಿ ಸಿಸಿ ರಸ್ತೆ, ಸಮುದಾಯ ಭವನಕ್ಕೆ ಹೋಗುವುದರ ಒಂದು ಚೂರು ಇತ್ತ ತಿರುಗಿಸಿ.

ನಿಯಮ ತಿದ್ದೋಕೆ ಸಮಯ ಬೇಕು, ರಾಜ್ಯಪಾಲರ ಹೆಸರಲ್ಲಿ ಹೊರಟ 2013ರ ಆದೇಶಕ್ಕೆ ತಿದ್ದುಪಡಿ ಆಗಬೇಕು, ಅದು ಗೊತ್ತು. ಆದರೆ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಒಂದು ಕೆಲಸ ಇದೆ. ಸಿಇಟಿ ಅರ್ಜಿಯಲ್ಲಿ ಸ್ಯಾಟ್ಸ್ ನಂಬರ್ (ಶಾಲೆಯಲ್ಲಿ ಪ್ರತಿ ಮಗುವಿಗೆ ಕೊಡುವ ದಾಖಲೆ ಸಂಖ್ಯೆ) ಹಾಕಿದರೆ ಮಗು ಓದಿದ ಶಾಲೆಯ ವಿವರ ತಾನಾಗಿ ಬರುತ್ತೆ. ಅಂದರೆ ಯಾವ ಮಗು ಸರ್ಕಾರಿ ಶಾಲೆಯದು, ಯಾವ ತಾಲ್ಲೂಕಿನದು ಅನ್ನೋದು ಕೆಇಎ ಹತ್ತಿರ ಆಗಲೇ ಇದೆ. 2013ರ ಆದೇಶ ಜಾರಿಯಾದ ಮೇಲೆ 371(ಜೆ) ಅಡಿ ಸಿಕ್ಕ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಎಷ್ಟು ಸರ್ಕಾರಿ ಶಾಲೆ ಮಕ್ಕಳಿಗೆ ಹೋದವು, ಎಷ್ಟು ಯಾವ ತಾಲ್ಲೂಕಿಗೆ ಹೋದವು, ಪಟ್ಟಿ ಮಾಡಿ ಹೊರಗೆ ಹಾಕಿ. ಹಳೆಯ ವರ್ಷಗಳದ್ದು ಸಿಗದಿದ್ದರೆ ಈಚೆಗಿನದಾದರೂ ಕೊಡಿ. ನನ್ನ ಸೆಂಟರಿನಲ್ಲಿ ಕಂಡದ್ದು ಇಡೀ ಭಾಗದ ಕಥೆ ಅಲ್ಲ ಅಂತ ಆ ಪಟ್ಟಿ ತೋರಿಸಿದರೆ ಒಪ್ಪಿಕೊಂಡು ಸುಮ್ಮನಾಗುತ್ತೇನೆ.

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಸರ್ಕಾರ ಕಲಬುರಗಿಗೆ ಬರುತ್ತೆ. 2024ರಲ್ಲಿ ಸಂಪುಟ ಸಭೆಯೂ ಇಲ್ಲೇ ನಡೆಯಿತು. ಮುಂದಿನ ಸಲ ಬರುವಾಗ ಆ ತಾಲ್ಲೂಕುವಾರು ಪಟ್ಟಿಯನ್ನು ಜೊತೆಗೆ ತನ್ನಿ. ಗುಳೆ ಹೋಗಿ ಬಂದ ಮಕ್ಕಳ ಗ್ರಾಮೀಣ ಸರ್ಟಿಫಿಕೇಟ್ ವಿಷಯಕ್ಕೆ ಅದಕ್ಕೂ ಮೊದಲೇ ಒಂದು ಸುತ್ತೋಲೆ ಹೊರಡಿಸಿ. ಹೊಸ ಸಿಇಟಿ ಅರ್ಜಿ ಶುರುವಾಗುವಷ್ಟರಲ್ಲಿ ಬಂದರೆ, ಅದರ ಪ್ರಿಂಟ್ ತೆಗೆದು ನನ್ನ ಅಂಗಡಿಯ ಬಾಗಿಲಿಗೆ ನಾನೇ ಅಂಟಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಆನ್‌ಲೈನ್ ಸೆಂಟರಿನವನು, ಕಲಬುರಗಿ